ಪ್ರವಾದಿ ಮಾತನ್ನ ನಾನು ಕಾರ್ಣಿಕ ಮಾಡಿದ್ದು

ಕೆಲಸ ಏನಪ್ಪಾ ಅಂದ್ರೆ, ಓದಿ ಹೇಳೋದು, ಆಮ್ಯಾಲೆ ಬಾಯಿ ಮುಚ್ಕಂಡು ಕೇಳೋದು. ಇದ್ರಾಗೆ ಯಾರಿಗೆ ಏನು ಕೆಡುಕಾಗ್ತೈತೆ ಅಂತ ನೀವು ಕೇಳ್ಬೋದು. ನಾನೂ ಹಂಗೇ ಅನ್ಕಂಡಿದ್ದೆ.

ಪ್ಲೇಗು ಬಂದು ಹೋದ ಮರುವರ್ಷ ಅದು. ಮೊಳಕಾಲ್ಮೂರಾಗೆ ಒಬ್ರು ಪಾದ್ರಿ ದೊರೆ ಬಿಡಾರ ಮಾಡಿದ್ರು. ಹೀಬ್ರೂ ಅನ್ನೋ ಹಳೇ ಭಾಷೆಯಾಗಿರೋ ಪ್ರವಾದಿಗಳ ಮಾತನ್ನ ಕನ್ನಡಕ್ಕೆ ತರ್ತಿದ್ರು. ನಾನು ಮಗ್ಗದ ಮನೆಯೋನು, ಅವರ ಧರ್ಮದೋನಲ್ಲ. ಆದ್ರೆ ಆ ಪ್ರವಾದಿಗಳ ಹುಚ್ಚು ನಂಗೆ ಹಿಡಿದುಬಿಟ್ಟಿತ್ತು. ಎಂಥಾ ಜನ ಅಂತೀರಿ. ರಾಜನ ಮುಂದೆ ನಿಂತ್ಕಂಡು, ಬಡವ್ರ ಹೊಟ್ಟೆ ಮ್ಯಾಲೆ ಕುಂತಿದೀಯ, ದೇವ್ರು ನಿನ್ನ ಅಲ್ಲಿಂದ ಇಳಿಸ್ತಾನೆ ನೋಡು ಅಂತ ಮಕಕ್ಕೇ ಹೇಳೋರು. ಅವರಾಗೆ ಒಬ್ಬ ಕುರಿ ಕಾಯೋನು ಬೇರೆ. ಸಂತೆಯಾಗೆ ಅತ್ತರು ಮಾರೋ ಸಾಬರ ತಾವ ನಾನು ಉರ್ದು ಅಕ್ಷರ ಕಲ್ತಿದ್ದೆ. ಹೀಬ್ರೂನೂ ಅದರಂಗೇ ಬಲಗಡೆಯಿಂದ ಎಡಕ್ಕೆ ಹೋಗ್ತೈತೆ, ಅಲಿಫ್ ಬೇ ಅಂದಂಗೇ ಆಲೆಫ್ ಬೇತ್ ಅಂತೈತೆ ಅಂತ ಗೊತ್ತಾದ ದಿನ ನಾನು ಮಗ್ಗಕ್ಕೆ ಕೂರಲೇ ಇಲ್ಲ. ಅವ್ವ ಬೈದ್ಳು. "ಲಾಳಿ ಎಡದಿಂದ ಬಲಕ್ಕೂ ಹೋಗ್ತೈತೆ, ಬಲದಿಂದ ಎಡಕ್ಕೂ ಬರ್ತೈತೆ. ಅದನ್ನ ನೋಡಿ ಯಾವನೂ ಕುಣಿಯಲ್ಲ" ಅಂದ್ಳು.

ಪಾದ್ರಿ ದೊರೆ ನಂಗೆ ಹಾಳೆ ಕೊಟ್ಟು ಹಿಂಗಂದ್ರು. ಹಳ್ಳಿಗೆ ಹೋಗು. ಒಬ್ಬರಿಗೆ ಓದಿ ಹೇಳು. ಅವರು ಅದನ್ನ, ಕೇಳದೇ ಇರೋ ಇನ್ನೊಬ್ಬರಿಗೆ ಹೇಳ್ಬೇಕು. ಆ ಎರಡನೇ ಮನುಷ್ಯ ಏನು ಹೇಳ್ತಾನೋ ಅದನ್ನ ಹೆಂಗೈತೋ ಹಂಗೇ ಬರಕಂಬಾ, ತಿದ್ದಬೇಡ. ಹಾಳೆಯ ಎಡಗಡೆ ಅವರ ಕನ್ನಡ ಇರ್ತಿತ್ತು, ಬಲಗಡೆ ಖಾಲಿ. ಬಲಗಡೆಗೆ ನಾನು ಬರೀತಿದ್ದೆ. ಎಲ್ಲಿ ಮಾತು ಕಳ್ದುಹೋಗೈತೋ ಅಲ್ಲಿ ಕೆಂಪು ಮಸಿಯಾಗೆ ಗೀಟು. ಆ ಮಾತನ್ನ ದೊರೆ ಮತ್ತೆ ಬರೀತಿದ್ರು.

ಮೊದಲಿನ ಒಂದು ತಿಂಗಳು ಬರೀ ಕೆಂಪು ಗೀಟೇ. ದೇವಸಮುದ್ರದಾಗೆ ಎರಡು ಹಾಳೆ ತುಂಬಾ ಓದಿದೆ. ಕೇಳಿದೋರು ಪ್ರತಿ ಸಾಲಿಗೂ ಹೂಂ ಹೂಂ ಅಂದ್ರು. ಎರಡನೆಯೋನ ಬಾಯಾಗೆ ಬಂದಿದ್ದು ಇಷ್ಟು: "ಒಬ್ಬ ರಾಜ ಇದ್ನಂತೆ, ಜಂಬ ಇತ್ತಂತೆ, ಸತ್ನಂತೆ." ದೊರೆ ಗರ್ವಿಷ್ಠರು ಅಂತ ಬರೆದಿದ್ದ ಕಡೆ ನಾನು ಸೊಕ್ಕಿದೋರು ಅಂತ ಓದಿ ನೋಡ್ದೆ, ದಿಮಾಕಿನೋರು ಅಂತ ಓದಿ ನೋಡ್ದೆ. ಮಾತು ತಿಳೀತು, ಆದ್ರೆ ಯಾರಿಗೂ ತಾಕಲಿಲ್ಲ. ಬಿ.ಜಿ. ಕೆರೆಯಾಗೆ ಒಬ್ಬ ಯಜಮಾನ್ರು, "ಚೆನ್ನಾಗೈತೆ ಕಣಪ್ಪ, ಪುರಾಣ ಇದ್ದಂಗೈತೆ" ಅಂದು ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋದ್ರು. ನಂಗೆ ಅವಮಾನ ಆದಂಗಾತು. ಇಷ್ಟು ಬೆಂಕಿ ಇರೋ ಮಾತು, ನನ್ನ ಬಾಯಾಗೆ ಬಂದು ಬೂದಿ ಆಗ್ತೈತಲ್ಲ ಅಂತ.

ಮಾರನೇ ದಿನ ಅಲ್ಲಿಂದ ಎರಡು ಹರದಾರಿ ಆಚೆಗಿರೋ ಕುರುಬರ ಹಟ್ಟಿಗೆ ಹೋದೆ. ಮಟಮಟ ಮಧ್ಯಾಹ್ನ. ಕುರಿ ಕಾಯೋರು ಆ ಹೊತ್ನಾಗೆ ಹಟ್ಟಿಯಾಗೆ ಇರಲ್ಲ. ಒಬ್ಬ ಅಜ್ಜ ಮಾತ್ರ ತನ್ನ ಕುರಿ ರೊಪ್ಪದ ಮುಳ್ಳುಬೇಲಿ ಪಕ್ಕ ಕುಂತಿದ್ದ. ಒಳಗೆ ಹದಿನೈದು ಇಪ್ಪತ್ತು ಮರಿ, ಒಂದೇ ಸಮ ಅರಚ್ತಿದ್ವು. ದೊಡ್ಡ ಕುರಿ ಒಂದೂ ಇಲ್ಲ.

"ಇವುಗಳ ತಾಯಂದ್ರು ಎಲ್ಲಿ ಅಜ್ಜಾ?" ಅಂದೆ.

"ಸೆರೆಮನೆಯಾಗೆ ಅದಾವೆ" ಅಂದ.

ನಗ್ತಾನೇನೋ ಅಂತ ನೋಡ್ದೆ. ನಗಲಿಲ್ಲ. ಕುರಿ ಮೇಯ್ತಾ ಮೇಯ್ತಾ ಸರ್ಕಾರಿ ಕಾವಲಿನ ಹುಲ್ಲಿಗೆ ಬಾಯಿ ಹಾಕಿದ್ವಂತೆ. ಆ ಹುಲ್ಲು ಸರ್ಕಾರದ ದನಕ್ಕೆ ಮೀಸಲು. ಕಾವಲಿನ ದರೋಗ ಅಷ್ಟೂ ಕುರೀನ ಹೊಡಕಂಡೋಗಿ ಬಂದೀ ದೊಡ್ಡಿಗೆ ಕೂಡಿದ್ದ. ನಾಕು ದಿನ ಆಗಿತ್ತು. ಹದಿನೈದು ದಿನದೊಳಗೆ ಅಜ್ಜ ಹೋಗಿ, ಇನ್ನು ಇತ್ತಲಾಗೆ ಬಿಡಲ್ಲ ಅಂತ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದ್ರೆ ಕುರಿ ವಾಪಸ್ಸು. ಇಲ್ಲಾಂದ್ರೆ ಹರಾಜು.

"ಮತ್ತೆ ಒತ್ತಿ ಬರಬಾರದಾ?"

ರೊಪ್ಪದ ಒಳಗೆ ಮರಿಗೆ ಆಡಿನ ಹಾಲು ಬಟ್ಟೆಯಾಗೆ ಅದ್ದಿ ಕುಡಿಸ್ತಿದ್ದ ಅಜ್ಜನ ಸೊಸೆ ಅಂದ್ಳು: "ಹೆಬ್ಬೆಟ್ಟು ಒತ್ತಾಕೆ ಏನಣ್ಣಾ. ಆತ ಇನ್ನೊಂದು ಕೇಳ್ತಾನೆ. ಮಾವನ ಕಂಬಳಿ ನೆಲಕ್ಕೆ ಹಾಸಬೇಕಂತೆ, ಆತ ಬೂಡ್ಸು ಹಾಕ್ಕಂಡು ಅದರ ಮ್ಯಾಲೆ ನಡ್ಕಂಡು ಬರ್ತಾನಂತೆ. ಆಮ್ಯಾಲೆ ರುಜು ಅಂತೆ."

ಈ ಕಡೆಯೋರಿಗೆ ಇದನ್ನ ಬಿಡಿಸಿ ಹೇಳೋದು ಬೇಕಾಗಿಲ್ಲ. ಕುರುಬರ ದೇವ್ರು ಕೂರೋದು ಕಂಬಳಿ ಗದ್ದಿಗೆ ಮ್ಯಾಲೆ. ಮದುವೆ ಆಗೋದು, ಹೆಣ ಹೊರೋದು ಎಲ್ಲಾ ಅದರ ಮ್ಯಾಲೆ.

"ನಾಳೆ ಹೋಗ್ತೀನಿ" ಅಂದ ಅಜ್ಜ. "ಹಾಸ್ತೀನಿ. ನನ್ನ ಮಾನ ನೋಡ್ಕಂಡು ಕುಂತ್ರೆ ಇವು ಸಾಯ್ತಾವೆ."

ಈ ಮಾತು ಕೇಳಿದ ಮ್ಯಾಲೂ ನಾನು ಹಾಳೆ ಬಿಚ್ಚಿದೆ ನೋಡ್ರಿ. ಕೆಲಸ ಆಗಬೇಕಿತ್ತಲ್ಲ. ಅವತ್ತಿನ ಹಾಳೆಯಾಗೆ ಇದ್ದಿದ್ದು ಒಂದು ಸೊಕ್ಕಿದ ನಾಡಿನ ಕಥೆ. ಬಂಡೆಗಳ ಮ್ಯಾಲೆ ಮನೆ ಕಟ್ಕಂಡು, ಹದ್ದಿನಂಗೆ ಎತ್ತರದಾಗೆ ಕುಂತು, ನಮ್ಮನ್ನ ಯಾರು ಇಳಿಸ್ತಾರೆ ಅಂತಿದ್ದೋರು. ಅವರನ್ನ ದೇವ್ರು ಇಳಿಸ್ತಾನೆ ಅಂತ ಪ್ರವಾದಿ ಹೇಳಿದ್ದು. ಸೊಸೆ ಹಟ್ಟಿ ಬಾವಿಗೆ ಹೋದ್ಳು. ನಾನು ಓದಿದೆ. ಅಜ್ಜನ ಕಿವಿ ಮರಿಗಳ ಕಡೆ ಇತ್ತು. ಓದಿ ಮುಗಿಸಿದ ಮ್ಯಾಲೆ ಏನು ತಿಳೀತು ಅಜ್ಜಾ ಅಂತ ಕೇಳಿದ್ರೆ, "ಈ ಸಲ ಮೈಲಾರಕ್ಕೆ ಹೋಗಾಕಾಗಲಿಲ್ಲ ಕಣಪ್ಪ. ಮಗ ಪ್ಲೇಗಿನಾಗೆ ಹೋದ, ಕುರಿ ನೋಡಾಕೆ ಯಾರೂ ಇಲ್ಲ. ಕಾರ್ಣಿಕನೇ ಕೇಳಲಿಲ್ಲ" ಅಂದ.

ಆಗ ನನ್ನ ತಲೆಗೆ ಹೊಳೀತು. ಮೈಲಾರದಾಗೆ ಗೊರವಯ್ಯ ಉಪವಾಸ ಇದ್ದು, ಎತ್ತರದ ಬಿಲ್ಲು ಏರಿ, ಸದ್ದಲೇ ಅಂತಾನೆ. ಲಕ್ಷ ಜನ ಇದ್ರೂ ಉಸಿರು ಬಿಡಲ್ಲ. ಮುಂದಾಗೋದನ್ನ ಒಂದೇ ಮಾತಾಗೆ ಹೇಳಿ ಬೀಳ್ತಾನೆ, ಅದೇ ಕಾರ್ಣಿಕ. ಆ ಒಂದು ಮಾತನ್ನ ಜನ ಬಾಯಿಂದ ಬಾಯಿಗೆ, ಊರಿಂದ ಊರಿಗೆ, ಒಂದು ಅಕ್ಷರ ಕಳೀದಂಗೆ ತಗಂಡೋಗ್ತಾರೆ. ನಂಗೆ ಬೇಕಾಗಿದ್ದೂ ಅದೇ ಅಲ್ವಾ. ಹೀಬ್ರೂ ಪ್ರವಾದಿನೂ ಗೊರವಯ್ಯನೂ ಒಂದೇ ತರದೋರು ಅನ್ನಿಸ್ತು. ಇದು ಪಾದ್ರಿ ದೊರೆಗೇ ಹೊಳೀದಿರೋದು ನಂಗೆ ಹೊಳೀತಲ್ಲ ಅಂತ ಮೈ ಜುಂ ಅಂತು.

ರೊಪ್ಪದ ಪಕ್ಕದ ಕಲ್ಲು ಹತ್ತಿದೆ. ಕೈ ಎತ್ತಿ, "ಸದ್ದಲೇ" ಅಂದೆ.

ಅಜ್ಜ ತಟ್ಟನೆ ಎದ್ದು ನಿಂತ.

"ಬಂಡೆ ಮ್ಯಾಲಿನ ಗೂಡು ನೆಲಕ್ಕೆ ಬಿತ್ತಲೇ, ಪರಾಕ್."

ಅಜ್ಜ ಕೈ ಮುಗಿದ. ಆಮ್ಯಾಲೆ ನಾನು ಇಳಿದು, ಹಾಳೆಯಾಗಿದ್ದ ಅಷ್ಟನ್ನೂ ಬಿಡಿಸಿ ಹೇಳ್ದೆ. ಯಾರು ಹೇಳಿದ್ದು ಅಂತ ಕೇಳಿದ. ಆ ಮಾತು ಬೇರೆ ಪ್ರವಾದೀದು, ಆದ್ರೂ ನಾನು, "ಒಬ್ಬ ಕುರಿ ಕಾಯೋನು ಅಜ್ಜಾ. ದೇವ್ರು ಅವನನ್ನ ಕುರಿ ಹಿಂದಿಂದ ಕರದು ಹೇಳ್ಸಿದ" ಅಂದುಬಿಟ್ಟೆ. ಸೊಸೆ ನೀರು ಹೊತ್ಕಂಡು ಬಂದ್ಳು. ಅಜ್ಜ ಅವಳಿಗೆ ಹೇಳಿದ, ಅವಳು ನಂಗೆ ಹೇಳಿದ್ಳು. ಒಂದು ಮಾತು ಕಳೀದಿಲ್ಲ. ಬಲಗಡೆ ಪೂರ್ತಿ ತುಂಬ್ತು, ಕೆಂಪು ಮಸಿ ಬುಡ್ಡಿ ತೆಗೀಲೇ ಇಲ್ಲ. ನಾನು ಹೊರಡೋವಾಗ ಅಜ್ಜ, ನಾಳೆಗೆ ಅಂತ ಮಡಚಿ ಇಟ್ಟಿದ್ದ ಕಂಬಳಿ ಬಿಚ್ಚಿ ಹೆಗಲ ಮ್ಯಾಲೆ ಹಾಕ್ಕಂಡ. ನೋಡ್ದೆ. ನೋಡಿ ಸುಮ್ಮನೆ ಬಂದೆ.

ಪಾದ್ರಿ ದೊರೆ ಹಾಳೆ ನೋಡಿ ಕನ್ನಡಕ ತೆಗೆದ್ರು. "ಬಹಳ ಸಂತೋಷ. ಒಂದು ಶಬ್ದವೂ ತಪ್ಪಿಲ್ಲ. ಆದರೆ ಈ ಪರಾಕ್ ಎಂಬುದು ಮೂಲದಲ್ಲಿ ಇಲ್ಲವಲ್ಲ?"

"ಅದು ಕೇಳೋರಿಗೆ ಎಚ್ಚರ ಆಗ್ಲಿ ಅಂತ ದೊರೇ."

"ಎಚ್ಚರ ಆಯಿತೋ?"

"ಚೆನ್ನಾಗಿ ಆತು" ಅಂದೆ.

ಕಾರ್ಣಿಕ ಹೇಳಿದ ಏಳನೇ ದಿನಕ್ಕೆ ಹೊಸ ಹಾಳೆ ತಗಂಡು ಅದೇ ಹಟ್ಟಿಗೆ ಹೋದೆ. ದೂರದಿಂದ ಮರಿ ಸದ್ದು ಕೇಳಲಿಲ್ಲ. ತಾಯಂದ್ರು ಬಂದವೆ ಅಂತ ಖುಷಿಯಾತು. ಹತ್ರ ಹೋದ್ರೆ ರೊಪ್ಪದಾಗೆ ಒಂಬತ್ತು ಮರಿ ಉಳಿದಿದ್ವು. ಅರಚೋ ತ್ರಾಣ ಇರಲಿಲ್ಲ, ಅಷ್ಟೇ.

"ಅಜ್ಜಾ, ದರೋಗನ ತಾವ ಹೋಗಲಿಲ್ಲೇನ್ರಿ?"

"ಯಾಕೆ ಹೋಗ್ಲಿ? ಗೂಡು ಬೀಳ್ತೈತಲ್ಲ. ಬೀಳೋ ಗೂಡಿನ ಕೆಳಗೆ ಕಂಬಳಿ ಹಾಸಾಕೆ ನಂಗೇನು ಹುಚ್ಚಾ?"

ಆಗ ಸೊಸೆ ಹೇಳಿದ್ಳು. ದರೋಗನ ಠಾಣ್ಯ ಇರೋದು ಒಂದು ಬಂಡೆ ಗುಡ್ಡದ ನೆತ್ತಿ ಮ್ಯಾಲಂತೆ. ನಂಗೆ ಗೊತ್ತೇ ಇರಲಿಲ್ಲ. ನಾನು ಆ ಕಡೆ ಹೋದೋನೇ ಅಲ್ಲ. ಅಜ್ಜನ ಮುಂದೆ ಕುಂತೆ.

"ಅಜ್ಜಾ, ಅದು ಈ ಊರಿಂದಲ್ಲ. ಸಮುದ್ರದ ಆಚೆ ನಾಡಿಂದು. ಎರಡು ಸಾವಿರ ವರ್ಷಕ್ಕಿಂತ ಹಿಂದೆ ಹೇಳಿದ್ದು."

"ಮೈಲಾರದ ಗೊರವಯ್ಯ ನಮ್ಮೂರಿನ ಹೆಸರು ಹಿಡಿದು ಹೇಳ್ತಾನೇನ್ಲೇ? ಎಲ್ಲಿಗೆ ತಾಕಬೇಕೋ ಅಲ್ಲಿಗೆ ತಾಕ್ತೈತೆ."

"ನಾನು ಗೊರವಯ್ಯ ಅಲ್ಲ. ಮಗ್ಗದೋನು. ಗೊರವಯ್ಯ ಉಪವಾಸ ಇರ್ತಾನೆ."

"ಅವತ್ತು ಹೊತ್ತಾರೆಯಿಂದ ನೀನು ಏನು ತಿಂದಿದ್ದೆ ಹೇಳು."

ಏನೂ ತಿಂದಿರಲಿಲ್ಲ. ಬಿ.ಜಿ. ಕೆರೆಯಾಗೆ ಯಜಮಾನ್ರು ನಿದ್ದೆ ಹೋಗಿದ್ದಕ್ಕೆ ಸಿಟ್ಟು ಮಾಡ್ಕಂಡು, ಮಾರನೇ ದಿನ ಅವರ ಮನೆ ರೊಟ್ಟಿ ಮುಟ್ಟದೇ ಬಂದಿದ್ದೆ. ಸುಳ್ಳು ಹೇಳಾಕೆ ಬಾಯಿ ತೆಗೆದೆ, ಅಜ್ಜ ನನ್ನ ಮಕ ನೋಡಿ ನಕ್ಕ. "ನೋಡು ಮತ್ತೆ" ಅಂದ.

ಅಲ್ಲಿಂದ ಸೀದಾ ಕಾವಲಿಗೆ ಹೋದೆ. ಮೊಣಕಾಲುದ್ದ ಹುಲ್ಲು, ಅದರ ನಡುವೆ ಬಂಡೆ, ಬಂಡೆ ಮ್ಯಾಲೆ ಹೆಂಚಿನ ಠಾಣ್ಯ. ದೊಡ್ಡಿ ಕೆಳಗಿತ್ತು. ಕುರಿಗಳ ಕೆಚ್ಚಲು ಬತ್ತಿ ಜೋತುಬಿದ್ದಿದ್ವು. ನಾನು ನೋಡಿದ ದರೋಗ ರಾಕ್ಷಸನಂಗೆ ಇರಲಿಲ್ಲ. ವಯಸ್ಸಾದೋನು, ಮಂಡಿನೋವು ಅಂತ ಎಣ್ಣೆ ತಿಕ್ಕಿಸ್ಕಂತಾ ಕುಂತಿದ್ದ.

"ನೀನೇನಯ್ಯಾ ನನ್ನ ಗೂಡು ಬೀಳುತ್ತೆ ಅಂದೋನು?" ಅಂದ, ನನ್ನ ಕೈಯಾಗಿದ್ದ ಹಾಳೆ ನೋಡಿ.

ಆ ಮಾತು ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕುಂತಿತ್ತು. ಸುತ್ತ ಹತ್ತು ಹಳ್ಳಿಗೆ ಹೋಗಿತ್ತಂತೆ, ಒಂದಕ್ಷರ ಕಳೀದಂಗೆ.

"ತಪ್ಪಾತು ಸ್ವಾಮಿ. ಅದು ನನ್ನ ತಪ್ಪು. ಅಜ್ಜಂದಲ್ಲ. ನಾನೇ ನನ್ನ ಪಂಚೆ ಹಾಸ್ತೀನಿ, ಅದರ ಮ್ಯಾಲೆ ನಡೀರಿ. ಕುರಿ ಬಿಡ್ರಿ."

"ನಿನ್ನ ಪಂಚೆ ಯಾವನಿಗೆ ಬೇಕು. ಕುರಿ ನಿಂದಾ? ಯಾರ ಕುರಿನೋ ಅವನೇ ಬರಬೇಕು." ಎಣ್ಣೆ ತಿಕ್ಕೋನ ಕೈ ತಡೆದು, "ಈಗ ಕಂಬಳಿ ನಾನೂ ಕೇಳಲ್ಲ. ಅವತ್ತು ಸಿಟ್ಟಿನಾಗೆ ಅಂದೆ. ಬಂದು ಹೆಬ್ಬೆಟ್ಟು ಒತ್ತಲಿ ಸಾಕು. ಹದಿನೈದು ದಾಟಿದ್ರೆ ನನ್ನ ಕೈಯಾಗೂ ಇಲ್ಲ. ಕಾಗದ ಆಗಲೇ ಚಳ್ಳಕೆರೆ ಕಚೇರಿಗೆ ಹೋಗೈತೆ" ಅಂದ.

ನಾನು ಓಡಿದೆ. ನಿಜವಾಗ್ಲೂ ಓಡಿದೆ. ಹಟ್ಟಿಗೆ ಹೋಗಿ, "ಅಜ್ಜಾ, ಕಂಬಳಿ ಬೇಡವಂತೆ, ಬರೀ ಹೆಬ್ಬೆಟ್ಟಂತೆ" ಅಂದೆ. ನನ್ನ ಎಣಿಕೆ, ಇನ್ನೇನು ಎದ್ದು ಹೊರಡ್ತಾನೆ ಅಂತ. ಅಜ್ಜನ ಮಕ ಅರಳ್ತು.

"ಕೇಳ್ದೇನವ್ವಾ" ಅಂತ ಸೊಸೆ ಕಡೆ ತಿರುಗಿದ. "ಒಂದು ಮೆಟ್ಲು ಇಳಿದ. ಪೂರ್ತಿ ಇಳೀಲಿ."

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಕಂಡು ಗೋಡೆ ಕಡೆ ತಿರುಗಿದ್ಳು.

ಮಾರನೇ ದಿನ ಚಳ್ಳಕೆರೆಗೆ ಹೋದೆ. ಅಮಲ್ದಾರ್ರು ಊರಾಗಿರಲಿಲ್ಲ, ಕ್ಯಾಂಪು. ಗುಮಾಸ್ತರು ಒಬ್ರು ಅರ್ಜಿ ಬರ್ಕಂಡು ಬಾ ಅಂದ್ರು. ಬರೆದೆ. ಕುರಿ ಯಜಮಾನನ ಹೆಬ್ಬೆಟ್ಟು ಗುರುತು ಎಲ್ಲಿ ಅಂದ್ರು. ಅವನು ಹಾಕಲ್ಲ ಸ್ವಾಮಿ ಅಂದೆ. "ಹಾಕದೋನ ಪರವಾಗಿ ನೀನು ಯಾರು?" ಅಂದ್ರು. ಅರ್ಜಿ ಮಡಚಿ ಇಟ್ಕಂಡೆ. ಮೊಳಕಾಲ್ಮೂರಿಗೆ ಬಂದು ಪಾದ್ರಿ ದೊರೆ ಕಾಲು ಹಿಡಕಂಡೆ. ಅವರು ಎಲ್ಲಾ ಕೇಳಿ, ಆವತ್ತೇ ಅಮಲ್ದಾರ್ರಿಗೆ ಒಂದು ಕಾಗದ ಬರೆದು ಕಳ್ಸಿದ್ರು. ಅದು ಯಾವ ಕ್ಯಾಂಪಿನ ಹಿಂದೆ ಅಲೀತಿತ್ತೋ ಏನೋ, ಉತ್ತರ ಬರಲಿಲ್ಲ.

"ದೊರೇ, ಪ್ರವಾದಿ ಹೇಳಿದ್ದು ನಿಜ ಆಗ್ತಿತ್ತಾ?"

"ಆಗುತ್ತಿತ್ತು" ಅಂದ್ರು.

"ಎಷ್ಟು ದಿನಕ್ಕೆ?"

"ಕೆಲವು, ಹೇಳಿದವರು ಸತ್ತು ನೂರು ವರ್ಷಗಳಾದ ಮೇಲೆ" ಅಂದ್ರು. ಅಷ್ಟು ದಿನ ಆ ಮಾತುಗಳನ್ನ ಓದಿದ್ದೆನಲ್ಲ, ಈ ಒಂದು ಪ್ರಶ್ನೆ ನಾನು ಕೇಳಿರಲೇ ಇಲ್ಲ. ನ್ಯಾಯ ಬರ್ತೈತೆ ಅನ್ನೋದೊಂದೇ ನಂಗೆ ರುಚಿಯಾಗಿತ್ತು. ಬರೋತನಕ ಹಾಲಿಲ್ಲದ ಮರಿ ಏನು ಮಾಡ್ಬೇಕು ಅನ್ನೋದು ಅದರಾಗೆ ಇತ್ತೋ ಇಲ್ವೋ, ನಾನು ನೋಡಿರಲಿಲ್ಲ.

ಕುರಿ ದೊಡ್ಡಿಗೆ ಹೋಗಿ ಹದಿನೈದನೇ ದಿನ, ಗಡುವಿನ ಕೊನೇ ದಿನ, ಮತ್ತೆ ಹಟ್ಟಿಯಾಗಿದ್ದೆ. ಮರಿ ನಾಕು. ಸೊಸೆ ನನ್ನನ್ನ ಬೇಲಿ ಹಿಂದಕ್ಕೆ ಕರದ್ಳು.

"ಅಣ್ಣಾ, ನೀನು ಹೇಳಿದ್ದು. ನೀನೇ ಇನ್ನೊಂದು ಹೇಳು. ದರೋಗನ ತಾವ ಹೋಗು ಅಂತ ಬರಂಗೆ ಹೇಳು."

ನಾನೂ ಹಿಂದಿನ ದಿನದಿಂದ ಅದನ್ನೇ ಯೋಚನೆ ಮಾಡ್ತಿದ್ದೆ. ಮಾಡಬಾರದು ಅಂತಾನೂ ಅನ್ನಿಸ್ತಿತ್ತು. ಮೊದಲನೇ ಸಲ ಹುಮ್ಮಸ್ಸಿನಾಗೆ ಹೇಳಿದ್ದೆ, ಮೋಸ ಇರಲಿಲ್ಲ. ಈಗ ಹೇಳಿದ್ರೆ ಗೊತ್ತಿದ್ದೂ ಮಾಡೋ ಆಟ. ಅವಳ ಕೈಯಾಗೆ ಒಂದು ಮರಿ ಇತ್ತು, ಕುತ್ತಿಗೆ ನಿಲ್ತಿರಲಿಲ್ಲ. ಮಾಡ್ತೀನಿ ಅಂದೆ. ಪ್ರವಾದಿಗಳಾಗೆ ತಗ್ಗಿ ನಡಿ ಅನ್ನೋ ಮಾತೂ ಐತೆ, ಪೂರ್ತಿ ಸುಳ್ಳೇನಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳ್ಕಂಡೆ. ಅದೇ ಕಲ್ಲು ಹತ್ತಿದೆ.

"ಸದ್ದಲೇ" ಅಂದೆ.

ಅಜ್ಜ ಎದ್ದೇಳಲಿಲ್ಲ. ಎಲೆಗೆ ಸುಣ್ಣ ಹಚ್ತಿದ್ದೋನು ತಲೆ ಎತ್ತಿ, "ಇಳಿಲೇ ತಮ್ಮಾ, ಬಿದ್ದಗಿದ್ದೀಯ" ಅಂದ. "ವರ್ಷಕ್ಕೆ ಒಂದೇ ಕಾರ್ಣಿಕ. ಎರಡು ಹೇಳೋನು ಗೊರವಯ್ಯ ಅಲ್ಲ."

"ಹಂಗಾದ್ರೆ ನಾನು ಗೊರವಯ್ಯ ಅಲ್ಲ ಅಂತ ಒಪ್ಕಳ್ರಿ, ಅಜ್ಜಾ."

"ಮೊದಲನೇದು ಹೇಳೋವಾಗ ಆಗಿದ್ದೆ. ಈಗ ಇವಳು ಹೇಳ್ಕೊಟ್ಟಿದಾಳೆ." ಸೊಸೆ ಮಕ ನೋಡಿ ಬೈಯಲೂ ಇಲ್ಲ. "ನನ್ನ ಮರಿ ಸಾಯೋದು ನಂಗೆ ಕಾಣಲ್ವೇನವ್ವಾ?" ಅಂದ, ಮೆತ್ತಗೆ. ನಾನು ಕಲ್ಲಿಂದ ಇಳಿದೆ.

ಹರಾಜು ಮಾರನೇ ದಿನಕ್ಕೆ ಮುಗೀತು. ಠಾಣ್ಯದ ಒಂದು ಹೆಂಚೂ ಜರುಗಲಿಲ್ಲ. ರಾಯದುರ್ಗದ ಕಡೆಯಿಂದ ಬಂದಿದ್ದ ಒಬ್ಬ ಸಾವ್ಕಾರ ಅಷ್ಟೂ ಕುರಿ ಹಿಡಿದ. ಅಜ್ಜ ಕಂಬಳಿ ಹೊದ್ದು, ಬಂಡೆ ಕಡೆ ಮಕ ಮಾಡಿ, ಒಂದು ಕಡೆ ನಿಂತು ನೋಡ್ತಿದ್ದ. ದೊಡ್ಡಿ ಬಾಗಿಲು ತೆಗೆದ್ರು. ಕುರಿ ಹೊರಗೆ ಬರಲಿಲ್ಲ. ಸಾವ್ಕಾರನ ಆಳುಗಳು ಕೋಲಿನಾಗೆ ಹೊಡೆದ್ರು, ಕುತ್ತಿಗೆ ಹಿಡಿದು ಎಳೆದ್ರು. ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ಗುಡ್ಡೆಯಾಗಿ ನಿಂತುಬಿಟ್ವು. ಹೊತ್ತು ಏರ್ತು. ಸಾವ್ಕಾರ ಬೆವರು ಒರೆಸ್ಕಂತಾ ಅಜ್ಜನ ತಾವ ಬಂದ.

"ಏಮಯ್ಯಾ ಪೆದ್ದಾಯನಾ, ನೀ ಗೊರ್ರೆಲೇ ಕದಾ, ನಿನ್ನ ಕುರಿನೇ ಅಲ್ವಾ ಇವು. ನೀನು ಕರೀದಿದ್ರೆ ಬರಲ್ಲ ಅಂತಾವೆ. ರಾಯದುರ್ಗದ ತನಕ ಬಂದು ಬಿಟ್ಟೋಗು."

ಬೈತಾನೆ, ಇಲ್ಲಾ ಉಗೀತಾನೆ ಅನ್ಕಂಡೆ. ಅಜ್ಜ ದೊಡ್ಡಿ ಬಾಗಿಲಿಗೆ ಹೋಗಿ ನಾಲಿಗೆಯಾಗೆ ಒಂದು ಸದ್ದು ಮಾಡಿದ. ಕುರಿ ಎಲ್ಲಾ ತಲೆ ಎತ್ತಿದ್ವು. ನಡೆದ. ಅಷ್ಟೂ ಅವನ ಹಿಂದೆ ಬಂದ್ವು.

ನಾನು ಮೊಳಕಾಲ್ಮೂರಿನ ಕವಲು ದಾರಿತನಕ ಪಕ್ಕದಾಗೇ ನಡೆದೆ. ಧೂಳಿನಾಗೆ ಬಹಳ ದೂರ ಬಂದ ಮ್ಯಾಲೆ ಅಜ್ಜನೇ ಕೇಳಿದ.

"ಲೇ ತಮ್ಮಾ, ಆ ಕುರಿ ಕಾಯೋನನ್ನ ದೇವ್ರು ಕುರಿ ಹಿಂದಿಂದ ಕರದ ಅಂದ್ಯಲ್ಲ."

"ಹೂಂ ಅಜ್ಜಾ."

"ಅವನು ಎದ್ದು ಹೋದ ಮ್ಯಾಲೆ ಅವನ ಕುರಿ ಏನಾದ್ವು?"

ಆ ಹಾಳೆಗಳನ್ನೆಲ್ಲಾ ನಾನು ಬಾಯಿಪಾಠ ಮಾಡಿದ್ದೆ. ಮನಸ್ಸಿನಾಗೇ ತಲೆಯಿಂದ ಬುಡದ ತನಕ ಒಂದ್ಸಲ ಓದ್ಕಂಡೆ.

"ಬರೆದಿಲ್ಲ ಅಜ್ಜಾ" ಅಂದೆ.

ಅಜ್ಜ ತಲೆ ಆಡಿಸಿ, ಹಿಂದೆ ಬಿದ್ದಿದ್ದ ಒಂದು ಕುಂಟು ಕುರೀಗೋಸ್ಕರ ಅಲ್ಲೇ ನಿಂತ.